ಚತುರ್ಭುಜಗಳನ್ನು ಕಲಿಸುವ ಬಗೆ: ಗುಣ ಮೊದಲು, ಹೆಸರು ಆಮೇಲೆ

ನಾಲ್ಕನೆಯ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದು ಚೌಕ ಬರೆದು ಇದೇನೆಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ಚೌಕ" ಎನ್ನುತ್ತದೆ. ಅದೇ ಅಳತೆಯ ಚೌಕವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು, ಮಕ್ಕಳ ಕಣ್ಣೆದುರಿಗೇ ಒಂದು ಮೂಲೆ ಕೆಳಗೆ ಬರುವಂತೆ ತಿರುಗಿಸಿ ಹಿಡಿದರೆ ಉತ್ತರ ಬದಲಾಗುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಕತ್ತನ್ನು ಭುಜದವರೆಗೆ ವಾಲಿಸಿ ನೋಡಿ, "ಹೀಗೆ ನೋಡಿದರೆ ಚೌಕ ಟೀಚರ್, ನೆಟ್ಟಗೆ ನೋಡಿದರೆ ಡೈಮಂಡ್" ಎಂದಳು. ಅವಳು ಕಂಡದ್ದನ್ನೇ ಹೇಳಿದ್ದಳು. ಅಷ್ಟು ವರ್ಷ ನಾನು ಚೌಕವನ್ನು ನೆಲದ ಮೇಲೆ ಕೂತ ಪೆಟ್ಟಿಗೆಯಂತೆಯೇ ಬರೆಯುತ್ತ ಬಂದಿದ್ದೆ. ಹೆಸರನ್ನು ಆಕೃತಿಯ ಗುಣಕ್ಕೆ ಕಟ್ಟದೆ, ಅದು ನಿಂತ ಭಂಗಿಗೆ ಕಟ್ಟಿಬಿಟ್ಟಿದ್ದೆ. ಆ ದಿನದಿಂದ ನಾನು ಈ ಪಾಠದ ಕ್ರಮವನ್ನೇ ಬದಲಿಸಿಕೊಂಡೆ. ನಾಲ್ಕರಿಂದ ಏಳನೆಯ ತರಗತಿಯವರೆಗೆ ಕಲಿಸುವವರಿಗೆ ಉಪಯೋಗವಾದೀತೆಂದು ಆ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನೆದರ್ಲೆಂಡ್ಸಿನ ಶಾಲಾ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ಮಂಡಿಸಿದ ಸಂಶೋಧನೆ ಈ ವಿಷಯದಲ್ಲಿ ಬಹಳ ಬೆಳಕು ಕೊಡುತ್ತದೆ. ಮಗು ಮೊದಲು ಆಕೃತಿಯನ್ನು ಅದರ ಒಟ್ಟು ನೋಟದಿಂದ ಗುರುತಿಸುತ್ತದೆ; ಅನಂತರ ಅದರ ಬಾಹು, ಕೋನಗಳನ್ನು ಬಿಡಿಬಿಡಿಯಾಗಿ ಗಮನಿಸುತ್ತದೆ; ಆಮೇಲೆ ಒಂದು ಗುಣದಿಂದ ಮತ್ತೊಂದು ಗುಣ ಹೇಗೆ ಹೊರಡುತ್ತದೆ, ಒಂದು ಗುಂಪು ಇನ್ನೊಂದರೊಳಗೆ ಹೇಗೆ ಸೇರುತ್ತದೆ ಎಂಬುದನ್ನು ಅರಿಯುತ್ತದೆ. ಈ ಮೆಟ್ಟಿಲುಗಳನ್ನು ಮಗು ವಯಸ್ಸಾದ ಮಾತ್ರಕ್ಕೆ ತಾನಾಗಿ ಹತ್ತುವುದಿಲ್ಲ, ಬೋಧನೆ ಹತ್ತಿಸಬೇಕು ಎಂಬುದು ಅವರ ಮಾತಿನ ತಿರುಳು. ಚಿತ್ರ ತೋರಿಸಿ ಹೆಸರು ಹೇಳಿಸುವ ಪಾಠ ಎಷ್ಟು ಸಲ ನಡೆದರೂ ಮಗುವನ್ನು ಮೊದಲ ಮೆಟ್ಟಿಲಿನಲ್ಲೇ ನಿಲ್ಲಿಸಿರುತ್ತದೆ.

ಎರಡು ಪರೀಕ್ಷಾ ಸಾಧನಗಳು

ಮೊದಲ ಅವಧಿಯಲ್ಲಿ ಯಾವ ಆಕೃತಿಯ ಹೆಸರನ್ನೂ ಎತ್ತಬೇಡಿ. ಆ ಅವಧಿ ಸಾಧನಗಳನ್ನು ಸಿದ್ಧಪಡಿಸಿಕೊಳ್ಳುವುದಕ್ಕೆ ಮೀಸಲಾಗಿರಲಿ. ಪ್ರತಿ ಮಗುವಿಗೂ ಹಳೆಯ ವೃತ್ತಪತ್ರಿಕೆಯಿಂದ ಅಡ್ಡಾದಿಡ್ಡಿ ಹರಿದ ಒಂದು ತುಂಡು ಕೊಟ್ಟು, ಹೇಗಾದರೂ ಒಮ್ಮೆ ಮಡಿಸಲು ಹೇಳಿ. ಆಮೇಲೆ ಆ ಮಡಿಕೆಯ ಗೆರೆ ತನ್ನ ಮೇಲೆಯೇ ಸರಿಯಾಗಿ ಕೂರುವಂತೆ ಇನ್ನೊಮ್ಮೆ ಮಡಿಸಿದರೆ ಮೂಲೆಯಲ್ಲಿ ಒಂದು ಲಂಬಕೋನ ಸಿಗುತ್ತದೆ. ಕಾಗದದ ಅಂಚು ಎಷ್ಟೇ ಹರಕಾಗಿದ್ದರೂ ಎಲ್ಲರ ಮೂಲೆಯೂ ಒಂದೇ ಆಗಿ ಬರುತ್ತದೆ ಎಂಬುದನ್ನು ಮಕ್ಕಳು ತಮ್ಮ ಕಾಗದವನ್ನು ಪಕ್ಕದವರ ಕಾಗದದ ಮೇಲಿಟ್ಟು ನೋಡಿಕೊಳ್ಳಲಿ. ಈ ಆಶ್ಚರ್ಯಕ್ಕೆ ಐದು ನಿಮಿಷ ಕೊಟ್ಟರೆ ನಷ್ಟವಿಲ್ಲ. ಇದೇ ಅವರ ಮೂಲೆಮಟ್ಟ. ಪುಸ್ತಕದ ಮೂಲೆ, ಕಿಟಕಿಯ ಮೂಲೆ, ಡೆಸ್ಕಿನ ಮೂಲೆ, ಹೀಗೆ ಎಲ್ಲೆಡೆ ಇಟ್ಟು ನೋಡಿ, ಲಂಬಕೋನಕ್ಕಿಂತ ಕಿರಿದು, ಸಮ, ಹಿರಿದು ಎಂದು ಹೇಳುವ ಅಭ್ಯಾಸವಾಗಲಿ. ಕೋನಮಾಪಕ ಈ ಹಂತದಲ್ಲಿ ಬೇಡ.

ಎರಡನೆಯ ಸಾಧನ ಪ್ರತಿ ಮಗುವಿನ ಚೀಲದಲ್ಲೂ ಇದೆ: ಗೆರೆಯ ನೋಟ್‌ಪುಸ್ತಕ. ಆಕೃತಿಯ ಒಂದು ಬಾಹುವನ್ನು ಯಾವುದಾದರೂ ಗೆರೆಯ ಮೇಲೆ ಕೂರಿಸಿದಾಗ ಎದುರಿನ ಬಾಹುವೂ ಗೆರೆಗಳ ಜೊತೆಯಲ್ಲೇ ಸಾಗಿದರೆ ಅವೆರಡೂ ಸಮಾಂತರ. ಗೆರೆಗಳನ್ನು ಅಡ್ಡ ಹಾಯ್ದರೆ ಅಲ್ಲ. ಸಮಾಂತರ ಎಂದರೆ ಸಮವಾದ ಅಂತರ ಎಂದು ಪದವನ್ನು ಬಿಡಿಸಿ ಹೇಳಿಬಿಟ್ಟರೆ ವ್ಯಾಖ್ಯೆಯನ್ನು ಬೇರೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಬಾಹುಗಳ ಉದ್ದವನ್ನು ಅಳೆಯಲು ಸ್ಕೇಲು ಇದ್ದೇ ಇದೆ. ಹೀಗೆ ಉದ್ದ, ಮೂಲೆ, ಸಮಾಂತರ ಎಂಬ ಮೂರು ಪ್ರಶ್ನೆಗಳು ಮಗುವಿನ ಕೈಗೆ ಬಂದವು. ಮುಂದಿನ ಎಲ್ಲ ಹೆಸರುಗಳೂ ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರಗಳೇ.

ಕಡ್ಡಿ ಮತ್ತು ವಾಲ್ವ್ ಟ್ಯೂಬು

ಎರಡನೆಯ ಅವಧಿಗೆ ತೆಂಗಿನ ಗರಿಯ ಪೊರಕೆ ಕಡ್ಡಿಗಳನ್ನೂ ಸೈಕಲ್ ಅಂಗಡಿಯಿಂದ ತಂದ ವಾಲ್ವ್ ಟ್ಯೂಬಿನ ಚಿಕ್ಕ ತುಂಡುಗಳನ್ನೂ ಸಿದ್ಧವಿಟ್ಟುಕೊಳ್ಳಿ. ಕಡ್ಡಿಗಳನ್ನು 6 ಸೆಂಟಿಮೀಟರ್ ಮತ್ತು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಂಡು, ಟ್ಯೂಬಿನ ಒಂದೊಂದು ತುಂಡಿಗೆ ಎರಡೂ ಕಡೆಯಿಂದ ಕಡ್ಡಿ ತೂರಿಸಿದರೆ ಬಾಗುವ ಮೂಲೆಗಳುಳ್ಳ ಆಕೃತಿ ತಯಾರಾಗುತ್ತದೆ. ಮೊದಲು ಮೂರು ಕಡ್ಡಿಗಳ ತ್ರಿಭುಜ ಮಾಡಿಸಿ, ಅದನ್ನು ಒತ್ತಿ ನೋಡಲು ಹೇಳಿ, ಅದು ಮಿಸುಕುವುದಿಲ್ಲ. ಆಮೇಲೆ ನಾಲ್ಕು ಸಮನಾದ ಕಡ್ಡಿಗಳಿಂದ ಚೌಕ ಮಾಡಿಸಿ, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿಸಿ. ಅದು ವಾಲುತ್ತ ಹೋಗುತ್ತದೆ.

ಆಗ ಕೇಳಬೇಕಾದ ಪ್ರಶ್ನೆ ಒಂದೇ: ಏನು ಬದಲಾಯಿತು, ಏನು ಬದಲಾಗಲಿಲ್ಲ? ಕಡ್ಡಿಗಳ ಉದ್ದ ಬದಲಾಗಿಲ್ಲ. ಎದುರುಬದುರಿನ ಕಡ್ಡಿಗಳು ಈಗಲೂ ಸಮಾಂತರವಾಗಿವೆ ಎಂಬುದನ್ನು ನೋಟ್‌ಪುಸ್ತಕದ ಗೆರೆಗಳ ಮೇಲಿಟ್ಟು ಪರೀಕ್ಷಿಸಬಹುದು. ಬದಲಾದದ್ದು ಮೂಲೆ ಮಾತ್ರ. ಎರಡು ಮೂಲೆಗಳು ಚೂಪಾದವು, ಇನ್ನೆರಡು ಅಗಲವಾದವು, ಎದುರುಬದುರಿನವು ಮಾತ್ರ ಪರಸ್ಪರ ಸಮವಾಗಿಯೇ ಉಳಿದವು. ನಾಲ್ಕೂ ಬಾಹುಗಳು ಸಮವಾಗಿದ್ದರೆ ಅದನ್ನು ವಜ್ರಾಕೃತಿ ಎನ್ನುತ್ತೇವೆ ಎಂದು ಈ ಕ್ಷಣದಲ್ಲಿ ಹೆಸರು ಕೊಟ್ಟರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಉದ್ದ, ಎರಡು ಗಿಡ್ಡ ಕಡ್ಡಿಗಳಿಂದ ಆಯತ ಮಾಡಿ ತಳ್ಳಿದಾಗ ಬರುವುದು ಸಮಾಂತರ ಚತುರ್ಭುಜ. ಅವೇ ನಾಲ್ಕು ಕಡ್ಡಿಗಳನ್ನು ಬಿಚ್ಚಿ, ಉದ್ದದ ಪಕ್ಕ ಉದ್ದ, ಗಿಡ್ಡದ ಪಕ್ಕ ಗಿಡ್ಡ ಬರುವಂತೆ ಜೋಡಿಸಿದರೆ ಗಣಿತದ ಗಾಳಿಪಟ. ಕಡ್ಡಿಗಳು ಅವೇ, ಜೋಡಿಸಿದ ಕ್ರಮ ಮಾತ್ರ ಬೇರೆ ಎಂಬುದನ್ನು ಮಕ್ಕಳು ತಾವಾಗಿಯೇ ಹೇಳುವವರೆಗೆ ಕಾಯಿರಿ.

ಗಾಳಿಪಟ ಎಂಬ ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಂಗಡಿಗಳಲ್ಲಿ ಸಿಗುವ ಕಾಗದದ ಗಾಳಿಪಟ ಸಾಮಾನ್ಯವಾಗಿ ಚೌಕಕ್ಕೆ ಬಹಳ ಹತ್ತಿರವಾಗಿರುತ್ತದೆ, ಆದ್ದರಿಂದ ಪಠ್ಯಪುಸ್ತಕದ ಚಿತ್ರದಲ್ಲಿ ಕೆಳಭಾಗ ಉದ್ದವಾಗಿರುವ ಆಕೃತಿ ಮಗುವಿಗೆ ತನ್ನ ಗಾಳಿಪಟದಂತೆ ಕಾಣುವುದಿಲ್ಲ. ಪಕ್ಕಪಕ್ಕದ ಬಾಹುಗಳು ಎರಡೆರಡಾಗಿ ಸಮವಾಗಿರಬೇಕು ಎಂಬ ನಿಯಮವನ್ನು ಹೇಳಿ, ನೀವು ಹಾರಿಸುವ ಗಾಳಿಪಟವೂ ಈ ನಿಯಮಕ್ಕೆ ಒಳಪಡುತ್ತದೆಯೇ ಎಂದು ಅಳೆಯಲು ಬಿಡುವುದು ಒಳ್ಳೆಯದು.

ಎರಡು ಪಟ್ಟಿಗಳಲ್ಲಿ ಇಡೀ ಕುಟುಂಬ

ಈ ಪಾಠದಲ್ಲಿ ಒಂದೇ ಒಂದು ಚಟುವಟಿಕೆಗೆ ಸಮಯವಿದ್ದರೆ ನಾನು ಆರಿಸಿಕೊಳ್ಳುವುದು ಇದನ್ನೇ. ಹಬ್ಬದ ಅಲಂಕಾರಕ್ಕೆ ತರುವ ಬಣ್ಣದ ಪಾರದರ್ಶಕ ಕಾಗದವನ್ನೋ ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ರಕ್ಷಾಕವಚವನ್ನೋ ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ: 4 ಸೆಂಟಿಮೀಟರ್ ಅಗಲದವು ಎರಡು, 6 ಸೆಂಟಿಮೀಟರ್ ಅಗಲದ್ದು ಒಂದು, ಮತ್ತು ಒಂದು ತುದಿಯಲ್ಲಿ ಅಗಲವಾಗಿದ್ದು ಇನ್ನೊಂದು ತುದಿಗೆ ಸಾಗುತ್ತ ಕಿರಿದಾಗುವ ಓರೆಪಟ್ಟಿಗಳು ಎರಡು. ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟಾಗ, ಅವು ಒಂದನ್ನೊಂದು ಮುಚ್ಚಿಕೊಂಡಿರುವ ಜಾಗ ಗಾಢ ಬಣ್ಣದಲ್ಲಿ ಒಂದು ಚತುರ್ಭುಜವಾಗಿ ಎದ್ದು ಕಾಣುತ್ತದೆ.

ಸಮ ಅಗಲದ ಎರಡು ಪಟ್ಟಿಗಳನ್ನು ಯಾವ ಓರೆಯಲ್ಲಿ ಇಟ್ಟರೂ ಬರುವುದು ವಜ್ರಾಕೃತಿಯೇ. ಓರೆ ಹೆಚ್ಚಿದಂತೆ ಅದು ಉದ್ದುದ್ದವಾಗಿ ಎಳೆದುಕೊಳ್ಳುತ್ತದೆ, ಆದರೆ ನಾಲ್ಕೂ ಬಾಹುಗಳನ್ನು ಅಳೆದರೆ ಸಮವಾಗಿಯೇ ಇರುತ್ತವೆ. ಒಂದು ಪಟ್ಟಿಯನ್ನು ಮೆಲ್ಲಗೆ ತಿರುಗಿಸುತ್ತ ಬಂದರೆ ಒಂದು ಕ್ಷಣದಲ್ಲಿ, ಪಟ್ಟಿಗಳು ಒಂದಕ್ಕೊಂದು ಲಂಬವಾದಾಗ, ಆ ವಜ್ರಾಕೃತಿ ಚೌಕವಾಗುತ್ತದೆ. ಇನ್ನೂ ತಿರುಗಿಸಿದರೆ ಮತ್ತೆ ವಾಲುತ್ತದೆ. ಚೌಕವು ವಜ್ರಾಕೃತಿಯ ಜಾತಿಗೇ ಸೇರಿದ್ದು, ಆ ಜಾತಿಯಲ್ಲೇ ಮೂಲೆಗಳು ನೆಟ್ಟಗಿರುವ ಒಂದು ಸಂದರ್ಭ ಎಂಬ ಮಾತನ್ನು ನಾವು ಎಷ್ಟು ವಿವರಿಸಿದರೂ ಬಾರದ ಅರಿವು, ಮಗು ತನ್ನ ಕೈಯಿಂದಲೇ ಆ ಪಟ್ಟಿಯನ್ನು ತಿರುಗಿಸುವಾಗ ಬರುತ್ತದೆ. ಈಗ ಒಂದು ಪಟ್ಟಿಯನ್ನು ತೆಗೆದು 6 ಸೆಂಟಿಮೀಟರಿನದನ್ನು ಇಡಿಸಿ. ಓರೆಯಾಗಿಟ್ಟರೆ ಸಮಾಂತರ ಚತುರ್ಭುಜ, ಲಂಬವಾಗಿಟ್ಟರೆ ಆಯತ. ಓರೆಪಟ್ಟಿಯನ್ನು ಬಳಸಿದರೆ ಒಂದು ಜೊತೆ ಬಾಹುಗಳು ಮಾತ್ರ ಸಮಾಂತರವಾಗಿ ಉಳಿದು ತ್ರಾಪಿಜ್ಯ ಬರುತ್ತದೆ. ಎರಡೂ ಓರೆಪಟ್ಟಿಗಳೇ ಆದರೆ ಸಾಮಾನ್ಯವಾಗಿ ಯಾವ ವಿಶೇಷ ಹೆಸರೂ ಇಲ್ಲದ ಬರಿಯ ಚತುರ್ಭುಜ.

ಇದನ್ನು ಮಕ್ಕಳು ಮನೆಯಲ್ಲಿಯೂ ನೋಡಬಹುದು. ತಟ್ಟೆಗೆ ಸುರಿದ ಕೊಬ್ಬರಿ ಮಿಠಾಯಿಯನ್ನು ಅಮ್ಮ ಚಾಕುವಿನಿಂದ ಮೊದಲು ಒಂದು ದಿಕ್ಕಿನಲ್ಲಿ, ಆಮೇಲೆ ಓರೆಯಾಗಿ ಇನ್ನೊಂದು ದಿಕ್ಕಿನಲ್ಲಿ ಗೀಚುತ್ತಾರಲ್ಲ, ಆ ಎರಡೂ ಗೆರೆಸಾಲುಗಳ ನಡುವಿನ ಅಂತರ ಸಮವಾಗಿದ್ದರೆ ಪ್ರತಿ ತುಂಡೂ ವಜ್ರಾಕೃತಿ, ಅಂತರ ಬೇರೆಯಾದರೆ ಸಮಾಂತರ ಚತುರ್ಭುಜ. ತಟ್ಟೆ ಚೌಕವಾಗಿದ್ದರೆ ಅಂಚಿನಲ್ಲಿ ತ್ರಿಭುಜಗಳೂ ತ್ರಾಪಿಜ್ಯಗಳೂ ಉಳಿಯುತ್ತವೆ. ಶಂಕರಪೋಳಿಗೂ ಇದೇ ಲೆಕ್ಕ. ದೀಪಾವಳಿಯ ರಜೆಗೆ ಮನೆಗೆಲಸ ಕೊಡುವುದಾದರೆ ಇಂಥದ್ದನ್ನು ಕೊಡಬಹುದು.

ಹೆಸರುಗಳ ಒಳಗೇ ಇರುವ ಅರ್ಥ

ಕನ್ನಡದಲ್ಲಿ ನಾವು ಬಳಸುವ ಗಣಿತಪದಗಳಲ್ಲಿ ಹಲವು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ, ಆದರೆ ಅದನ್ನು ಬಿಡಿಸಿ ತೋರಿಸುವವರು ಬೇಕು. ಚತುರ್ ಎಂದರೆ ನಾಲ್ಕು, ಭುಜ ಎಂದರೆ ತೋಳು. ಆಯತ ಎಂದರೆ ಉದ್ದಕ್ಕೆ ಚಾಚಿಕೊಂಡದ್ದು. ವರ್ಗ ಎಂಬ ಪದವನ್ನು ಮೇಲಿನ ತರಗತಿಗಳಲ್ಲಿ ಚೌಕಕ್ಕೂ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದಕ್ಕೂ ಬಳಸುವುದರಿಂದ, ನಾಲ್ಕೈದನೆಯ ತರಗತಿಯಲ್ಲಿ ಚೌಕ ಎಂದೇ ಕಲಿಸಿ, ವರ್ಗ ಎಂಬ ಹೆಸರೂ ಅದಕ್ಕಿದೆ ಎಂದು ಒಮ್ಮೆ ತಿಳಿಸಿಟ್ಟರೆ ಸಾಕು. ತ್ರಾಪಿಜ್ಯ ಮಾತ್ರ ನಮ್ಮ ಬೇರಿನ ಪದವಲ್ಲ. ಅದು ಗ್ರೀಕ್ ಭಾಷೆಯಿಂದ ಧ್ವನಿಯಾಗಿ ಬಂದದ್ದು, ಅಲ್ಲಿ ಅದಕ್ಕೆ ಪುಟ್ಟ ಮೇಜು ಎಂಬ ಅರ್ಥವಿತ್ತು. ಮೇಜನ್ನು ನೆನೆದುಕೊಂಡರೆ ಹೆಸರು ನಾಲಿಗೆಗೆ ಹತ್ತುತ್ತದೆ. ಆದರೆ ಉದ್ದದ ಬಾಹು ಯಾವಾಗಲೂ ಕೆಳಗೇ ಇರುವಂತೆ ತ್ರಾಪಿಜ್ಯವನ್ನು ಬರೆಯುವ ಅಭ್ಯಾಸವನ್ನು ನಾವು ಬಿಡಬೇಕು. ತಲೆಕೆಳಗಾಗಿ ಬರೆಯಿರಿ, ಮಗ್ಗುಲಾಗಿ ಬರೆಯಿರಿ, ಎರಡು ಮೂಲೆಗಳು ಲಂಬಕೋನವಾಗಿರುವ ತ್ರಾಪಿಜ್ಯವನ್ನೂ ಬರೆಯಿರಿ.

ಚತುರ್ಭುಜಗಳನ್ನು ಗುಣದ ಮೇಲೆ ವಿಂಗಡಿಸುವ ಕೆಲಸ ನಮ್ಮ ನೆಲದಲ್ಲಿ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ ಎಂದು ಐದು ಬಗೆಗಳನ್ನು ಹೇಳುತ್ತಾನೆ. ಎರಡೆರಡು ಬಾಹುಗಳು ಸಮ ಎಂಬುದನ್ನು ದ್ವಿದ್ವಿಸಮ ಎಂಬ ಒಂದೇ ಪದ ಎಷ್ಟು ಅಚ್ಚುಕಟ್ಟಾಗಿ ಹಿಡಿದಿದೆ ಎಂಬುದನ್ನು ಏಳನೆಯ ತರಗತಿಯ ಮಕ್ಕಳು ಖಂಡಿತ ಸವಿಯಬಲ್ಲರು.

ಚೌಕವೂ ಆಯತವೇ?

ಇಡೀ ಪಾಠದಲ್ಲಿ ಕಷ್ಟದ ಜಾಗ ಇದು. "ಆಯತವೆಂದರೆ ಎರಡು ಬಾಹು ಉದ್ದ, ಎರಡು ಬಾಹು ಗಿಡ್ಡ" ಎಂದು ಎಲ್ಲೋ ಕಲಿತು ಬಂದ ಮಗು, ಚೌಕವೂ ಆಯತ ಎಂಬ ಮಾತನ್ನು ಒಪ್ಪುವುದಿಲ್ಲ. ಆ ಮಗುವನ್ನು ಬೈದು ಸುಮ್ಮನಾಗಿಸುವುದು ಸರಿಯಲ್ಲ, ಏಕೆಂದರೆ ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ಕೂಡ ಆಯತವನ್ನು ಲಂಬಕೋನಗಳಿದ್ದರೂ ಬಾಹುಗಳೆಲ್ಲ ಸಮವಾಗಿಲ್ಲದ ಆಕೃತಿ ಎಂದೇ ವಿವರಿಸಿದ್ದ. ಇಂದು ನಾವು ಒಪ್ಪಿಕೊಂಡಿರುವ ವ್ಯಾಖ್ಯೆ ಬೇರೆ: ನಾಲ್ಕೂ ಕೋನಗಳು ಲಂಬಕೋನಗಳಾಗಿರುವ ಚತುರ್ಭುಜ ಆಯತ, ಅಷ್ಟೇ. ಬಾಹುಗಳ ಉದ್ದದ ಬಗ್ಗೆ ಅದು ಏನನ್ನೂ ಕೇಳುವುದಿಲ್ಲ. ಹೀಗೆ ವ್ಯಾಖ್ಯಾನಿಸಿಕೊಂಡರೆ ಆಯತಕ್ಕೆ ಸತ್ಯವಾದ ಪ್ರತಿಯೊಂದು ಗುಣವೂ ಚೌಕಕ್ಕೆ ತಾನಾಗಿಯೇ ಬರುತ್ತದೆ, ಮತ್ತೆ ಬೇರೆಯಾಗಿ ಕಲಿಯಬೇಕಾಗಿಲ್ಲ.

ತೀರ್ಥಹಳ್ಳಿಯವರು ಶಿವಮೊಗ್ಗ ಜಿಲ್ಲೆಯವರೇ ಅಲ್ಲವೇ ಎಂದು ಕೇಳಿದರೆ ಮಕ್ಕಳು ತಕ್ಷಣ ಹೌದೆನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯವರೆಲ್ಲ ತೀರ್ಥಹಳ್ಳಿಯವರೇ ಎಂದರೆ ನಗುತ್ತಾರೆ. ಚೌಕ ಮತ್ತು ಆಯತದ ಸಂಬಂಧ ಇದೇ. ನಿಮ್ಮ ತಾಲ್ಲೂಕು, ನಿಮ್ಮ ಜಿಲ್ಲೆಯ ಹೆಸರು ಹಾಕಿಕೊಳ್ಳಿ. ಆಮೇಲೆ ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದನ್ನೊಂದು ಸ್ವಲ್ಪ ಹಾಯುವ ಎರಡು ದೊಡ್ಡ ವೃತ್ತಗಳನ್ನು ಬರೆದು, ಒಂದರಲ್ಲಿ "ನಾಲ್ಕೂ ಬಾಹು ಸಮ", ಇನ್ನೊಂದರಲ್ಲಿ "ನಾಲ್ಕೂ ಮೂಲೆ ಲಂಬ" ಎಂದು ಬರೆಯಿರಿ. ರಟ್ಟಿನ ಆಕೃತಿಗಳನ್ನು ಮಕ್ಕಳು ಮೂಲೆಮಟ್ಟ, ಸ್ಕೇಲುಗಳಿಂದ ಪರೀಕ್ಷಿಸಿ ತಕ್ಕ ಜಾಗದಲ್ಲಿ ಇಡಲಿ. ಎರಡೂ ವೃತ್ತಗಳಿಗೆ ಸೇರಿದ ನಡುವಿನ ಜಾಗದಲ್ಲಿ ಚೌಕ ಮಾತ್ರ ಕೂರುತ್ತದೆ. ಹಾಡಿನ ಗುಂಪಿನಲ್ಲೂ ಕಬಡ್ಡಿ ತಂಡದಲ್ಲೂ ಇರುವ ಹುಡುಗಿಯಂತೆ ಚೌಕ ಎಂದು ನಾನು ಹೇಳುವುದುಂಟು.

ಕರ್ಣ, ಮಡಿಕೆ ಮತ್ತು ಬಡಗಿ

ಐದನೆಯ ತರಗತಿಯ ನಂತರ ಕರ್ಣಗಳನ್ನು ತರಬಹುದು. ಚೌಕಾಬಾರದ ಮನೆಗಳಲ್ಲಿ ಕೆಲವಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದಿರುತ್ತಾರೆ. ಅವೇ ಕರ್ಣಗಳು ಎಂದರೆ ಪರಿಚಯ ಮುಗಿಯಿತು. ಆಯತದ ಕರ್ಣದ ಮೇಲೆ ಮಡಿಸಿದರೆ ಎರಡು ಅರ್ಧಗಳೂ ಕೂಡುತ್ತವೆಯೇ ಎಂದು ಮೊದಲು ಊಹೆ ಕೇಳಿ. ಬಹುತೇಕ ಎಲ್ಲರೂ ಕೂಡುತ್ತವೆ ಎನ್ನುತ್ತಾರೆ. ನೋಟ್‌ಪುಸ್ತಕದ ಒಂದು ಹಾಳೆಯನ್ನು ಹಾಗೆ ಮಡಿಸಿದಾಗ ಎರಡು ಮೂಲೆಗಳು ಆಚೀಚೆ ಕಿವಿಗಳಂತೆ ಹೊರಚಾಚುತ್ತವೆ. ಅದೇ ಹಾಳೆಯನ್ನು ಕರ್ಣದ ಮೇಲೆ ಕತ್ತರಿಸಿ, ಒಂದು ತುಂಡನ್ನು ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಸರಿಯಾಗಿ ಕೂರುತ್ತದೆ. ಎರಡು ಅರ್ಧಗಳು ಸಮವಾಗಿರುವುದು ಬೇರೆ, ಮಡಿಸಿದರೆ ಕೂಡುವುದು ಬೇರೆ ಎಂಬ ಈ ವ್ಯತ್ಯಾಸವನ್ನು ಆತುರಪಡದೆ ಕಾಣಿಸಿ. ಹೀಗೆ ಮಡಿಸಿ ನೋಡಿದರೆ ಚೌಕಕ್ಕೆ 4 ಮಡಿಕೆಗೆರೆ, ಆಯತಕ್ಕೆ 2, ಚೌಕವಲ್ಲದ ವಜ್ರಾಕೃತಿಗೆ 2, ಗಾಳಿಪಟಕ್ಕೆ 1 ಸಿಗುತ್ತವೆ. ವಾಲಿದ ಸಮಾಂತರ ಚತುರ್ಭುಜಕ್ಕೆ, ಅದು ವಜ್ರಾಕೃತಿಯೂ ಆಗಿಲ್ಲದಿದ್ದರೆ, ಒಂದೂ ಇಲ್ಲ.

ಬಾಗಿಲಿನ ಚೌಕಟ್ಟು ಜೋಡಿಸಿದ ಬಡಗಿ ಟೇಪು ಹಿಡಿದು ಎರಡೂ ಕರ್ಣಗಳನ್ನು ಅಳೆಯುವುದನ್ನು ನೋಡಿದ ಮಕ್ಕಳು ಯಾವ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಮನೆಯ ಪಾಯ ಗುರುತು ಹಾಕುವಾಗ ಮೇಸ್ತ್ರಿಯೂ ಇದನ್ನೇ ಮಾಡುತ್ತಾರೆ. ಎದುರುಬದುರಿನ ಬಾಹುಗಳು ಸಮವಾಗಿದ್ದು ಕರ್ಣಗಳೂ ಸಮವಾದರೆ ಮೂಲೆಗಳು ಲಂಬವೇ ಆಗಿರಬೇಕು. ಕರ್ಣಗಳು ಸಮ ಎಂಬುದೊಂದೇ ಸಾಲದು, ಎರಡೂ ಕಡೆ ಸಮವಾಗಿ ಇಳಿಯುವ ತ್ರಾಪಿಜ್ಯಕ್ಕೂ ಕರ್ಣಗಳು ಸಮವಾಗಿರುತ್ತವೆ ಎಂಬುದನ್ನು ಶಿಕ್ಷಕರು ನೆನಪಿಟ್ಟುಕೊಂಡಿರಬೇಕು. ತರಗತಿಯ ಬಾಗಿಲು, ಕಪ್ಪುಹಲಗೆ, ಕಿಟಕಿಗಳನ್ನು ದಾರದಿಂದ ಅಳೆಸಿ. ಹಳೆಯ ಕಟ್ಟಡದಲ್ಲಿ ಯಾವುದಾದರೂ ಒಂದು ಕಿಟಕಿ ಆಯತವಲ್ಲವೆಂದು ಹೊರಬಿದ್ದರೆ ಆ ಪಾಠವನ್ನು ಮಕ್ಕಳು ಮರೆಯುವುದಿಲ್ಲ.

ಮೂರು ಚುಕ್ಕಿ, ಮೂರು ಸಾಲು

ರಂಗೋಲಿಗೆ ಇಡುವಂತೆ ಮೂರು ಸಾಲುಗಳಲ್ಲಿ ಮೂರು ಮೂರು ಚುಕ್ಕಿಗಳನ್ನು ಇಟ್ಟು, ಚುಕ್ಕಿಗಳನ್ನು ಮಾತ್ರ ಮೂಲೆಯಾಗಿ ಬಳಸಿ ಎಷ್ಟು ಬೇರೆಬೇರೆ ಚತುರ್ಭುಜ ಬರೆಯಬಹುದು ಎಂದು ಕೇಳಿ. ಶಾಲೆಯ ಗಣಿತ ಕಿಟ್ಟಿನಲ್ಲಿ ಸಾಲುಸಾಲಾಗಿ ಮೊಳೆಗಳಿರುವ ಹಲಗೆ, ಅಂದರೆ ಜಿಯೋಬೋರ್ಡ್ ಇದ್ದರೆ ರಬ್ಬರ್ ಬ್ಯಾಂಡ್ ಸಾಕು. ತಿರುಗಿಸಿ ಅಥವಾ ಮಗುಚಿ ಇಟ್ಟರೆ ಕೂಡುವ ಆಕೃತಿಗಳನ್ನು ಒಂದೇ ಎಂದು ಎಣಿಸಿದರೆ, ಒಳಕ್ಕೆ ತಗ್ಗಿದ ಬಾಣದಂಥವನ್ನೂ ಸೇರಿಸಿ, ಒಟ್ಟು 16 ಇವೆ. ಮಕ್ಕಳು ಏಳೆಂಟಕ್ಕೆ ನಿಲ್ಲುತ್ತಾರೆ. ಇನ್ನೂ ಇವೆ ಎಂದು ಮಾತ್ರ ಹೇಳಿ, ಎಷ್ಟೆಂದು ಹೇಳಬೇಡಿ. ಓರೆಯಾಗಿ ನಿಂತ ಚೌಕ ಇಲ್ಲಿ ತಾನಾಗಿಯೇ ಸಿಗುತ್ತದೆ, ಅದು ಚೌಕವೇ ಎಂದು ಮೂಲೆಮಟ್ಟ ಹೇಳುತ್ತದೆ. ಚುರುಕಾದ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಒಂಬತ್ತು ಚುಕ್ಕಿಗಳಲ್ಲಿ ಚೌಕವಲ್ಲದ ವಜ್ರಾಕೃತಿ ಬರೆಯಲು ಆಗುತ್ತದೆಯೇ? ಆಗುವುದಿಲ್ಲ. ನಾಲ್ಕು ಚುಕ್ಕಿ ನಾಲ್ಕು ಸಾಲಿಗೆ ಹೋದರೆ ಆಗುತ್ತದೆ.

ಮೌಲ್ಯಮಾಪನಕ್ಕೆ ನಾನು ಆಟವನ್ನೇ ನೆಚ್ಚಿಕೊಂಡಿದ್ದೇನೆ. ಒಬ್ಬ ವಿದ್ಯಾರ್ಥಿ ಒಂದು ಆಕೃತಿಯ ಕಾರ್ಡನ್ನು ಬೆನ್ನ ಹಿಂದೆ ಹಿಡಿದು ನಿಲ್ಲುತ್ತಾನೆ. ಉಳಿದವರು ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು, ಆದರೆ ಆಕೃತಿಯ ಹೆಸರನ್ನು ಕೊನೆಯವರೆಗೆ ಎತ್ತುವಂತಿಲ್ಲ. "ನಾಲ್ಕೂ ಬಾಹು ಸಮವೇ?" ಹೌದು. ಇಷ್ಟಕ್ಕೇ ಯಾರಾದರೂ ಚೌಕವೆಂದು ಕೂಗಿದರೆ, ಇನ್ನೇನನ್ನು ಕೇಳಬೇಕಿತ್ತು ಎಂದು ಉಳಿದವರೇ ತಿದ್ದುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ಚೌಕದ ಚಿತ್ರದ ಕೆಳಗೆ ಮಗು "ಆಯತ" ಎಂದು ಬರೆದಿದ್ದರೆ ತಪ್ಪು ಗುರುತು ಹಾಕಬೇಡಿ. ಪಕ್ಕದಲ್ಲಿ "ಸರಿ, ಬಾಹುಗಳನ್ನೂ ಅಳೆದು ನೋಡು" ಎಂದು ಬರೆದು ಉತ್ತರಪತ್ರಿಕೆಯನ್ನು ಮರಳಿ ಕೊಡಿ.